ಹಳೆ ಫೈಲಿನಲ್ಲಿ ಸಿಕ್ಕ ಚೀಟಿ

ಲೇ ಬೋಂಡ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಇಲ್ಲಿ ಫೇಸ್‌ಬುಕ್ಕಿನಲ್ಲಿ ಬರೆದರೆ ನಾಲ್ಕು ಜನ ನೋಡುತ್ತಿರುತ್ತಾರೆ, ನೀನೂ ಮರ್ಯಾದೆಯಿಂದ ಓದುತ್ತೀಯ. (ಆ ನಾಲ್ಕು ಜನರಿಗೆ: ಬೋಂಡ ಅನ್ನೋ ಹೆಸರು ಯಾಕೆ ಬಂತು ಅಂತ ಕೇಳಬೇಡಿ. ಅದರಲ್ಲಿ ನಮ್ಮ ಹಾಸ್ಟೆಲ್ ವಾರ್ಡನ್ನರ ಮಾನವೂ ಸೇರಿದೆ.)

ಮಗನಿಗೆ ಇನ್ನೊಂದು ವರ್ಷಕ್ಕೆ 21 ತುಂಬುತ್ತದೆ. ತುಂಬಿದರೆ ಅವನು ನನ್ನ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಇರಲು ಬೇಕಾದ ಪರವಾನಗಿ) ಫೈಲಿನಿಂದ ಉದುರಿ ಬೀಳುತ್ತಾನೆ. ಐದು ವರ್ಷದವನಿದ್ದಾಗ ಬಂದವನು, ದಾವಣಗೆರೆಯ ಮಂಡಕ್ಕಿಗಿಂತ ಶಿಕಾಗೋದ ಪಿಜ್ಜಾ ಜಾಸ್ತಿ ಗೊತ್ತಿರುವವನು, ಇನ್ನು ಬೇರೆ ದೇಶದ ವಿದ್ಯಾರ್ಥಿಯಂತೆ ತನ್ನದೇ ವೀಸಾ ಹುಡುಕಿಕೊಳ್ಳಬೇಕು. ಅದಕ್ಕೇ ಕಳೆದ ವಾರ ಹಳೆ ಕಾಗದವೆಲ್ಲ ಹರವಿಕೊಂಡು ಕೂತಿದ್ದೆ. 2013ರ ತೆರಿಗೆ ಕಾಗದದ ನಡುವೆ ಒಂದು ಬುಕ್‌ಮಾರ್ಕ್ ಸಿಕ್ಕಿತು. ಅದರ ತುಂಬಾ ಬೈಬಲಿನ ಅಧ್ಯಾಯ, ವಾಕ್ಯಗಳ ನಂಬರು. ಒಟ್ಟು ನಲವತ್ತು. ದಿನಕ್ಕೊಂದರಂತೆ ನಲವತ್ತು ದಿನ ಓದಬೇಕು, ಎಲ್ಲವೂ ಪರದೇಶಿಗಳನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದರ ಮೇಲೆ.

ಕೊಟ್ಟವರು ಪಕ್ಕದ ಮನೆಯ ಅಮೆರಿಕನ್, ನಾವು ಶಾನುಭೋಗರು ಅಂತ ಹೆಸರಿಟ್ಟವರು. ಹೌದು, ಅವರೇ. ಇನ್ನೂ ಪಾಕೆಟ್ ಪುಸ್ತಕದಲ್ಲಿ ಎಲ್ಲ ಬರೆದಿಟ್ಟುಕೊಳ್ಳುತ್ತಾರೆ, ನೀನು ಬಂದಾಗ ಎಷ್ಟು ಚಪಾತಿ ತಿಂದೆ ಅನ್ನೋದನ್ನೂ.

ಶಿಕಾಗೋ ಪಕ್ಕದಲ್ಲಿ ನಾವಿರುವ ವೀಟನ್ ಎಂಥ ಊರು ಅಂತ ನಿನಗೆ ಗೊತ್ತಲ್ಲ. ಹೆಸರಾಂತ ಕ್ರೈಸ್ತ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಓದಿದ ಕಾಲೇಜು ಇಲ್ಲೇ ಇದೆ. ಮೂಲೆಗೊಂದು ಚರ್ಚು. ಶಾನುಭೋಗರು ಇವ್ಯಾಂಜೆಲಿಕಲ್ ಪಂಗಡದವರು. ಅಂದರೆ ಬೈಬಲಿನ ಮಾತೇ ಕೊನೆ ಮಾತು ಅನ್ನುವವರು. 2012ರಲ್ಲಿ ಈ ಪಂಗಡದ ದೊಡ್ಡ ದೊಡ್ಡ ಮುಖಂಡರು ಒಟ್ಟಿಗೆ ಕೂತು ವಲಸೆ ಕಾನೂನು ತಿದ್ದಬೇಕು ಅಂತ ಒಂದು ಹೇಳಿಕೆ ಹೊರಡಿಸಿದ್ದರು. ಸಂಪ್ರದಾಯವಾದಿ ಸದರ್ನ್ ಬ್ಯಾಪ್ಟಿಸ್ಟರ ರಿಚರ್ಡ್ ಲ್ಯಾಂಡ್‌ನಿಂದ ಎಡಕ್ಕೆ ವಾಲುವ ಜಿಮ್ ವಾಲಿಸ್‌ವರೆಗೆ, ಬೇರೆ ದಿನ ಒಂದೇ ಮೇಜಿನಲ್ಲಿ ಕಾಫಿ ಕುಡಿಯದವರೆಲ್ಲ ಅದಕ್ಕೆ ಸಹಿ ಹಾಕಿದ್ದರು. ಅದರಲ್ಲಿ ಗಡಿ ಭದ್ರವಾಗಿರಬೇಕು, ಕಾನೂನಿಗೆ ಬೆಲೆ ಇರಬೇಕು ಅಂತಲೂ ಇತ್ತು. ಕುಟುಂಬ ಒಡೆಯಬಾರದು, ಕಾಗದವಿಲ್ಲದವರಿಗೆ ಸಕ್ರಮವಾಗುವ ದಾರಿ ಬೇಕು ಅಂತಲೂ ಇತ್ತು. ಮರುವರ್ಷ ಬಂದದ್ದು ಈ ಬುಕ್‌ಮಾರ್ಕ್. ಶಾನುಭೋಗರು ಅದನ್ನು ನನ್ನ ಕೈಗಿಟ್ಟು, ಹಳೆ ಒಡಂಬಡಿಕೆಯಲ್ಲಿ ಪರದೇಶಿಗೆ 'ಗೇರ್' ಅನ್ನೋ ಹೀಬ್ರೂ ಪದ 92 ಸಲ ಬರುತ್ತದೆ ಅಂದರು. ನಮ್ಮ ಕಡೆ ಗೇರ್ ಅಂದರೆ ಗೋಡಂಬಿ ಅಂದೆ. ಅದನ್ನೂ ಬರೆದುಕೊಂಡರು.

ಆಮೇಲೆ ಒಂದು ಫೋನ್ ನಂಬರು ಕೊಟ್ಟರು. ನಮ್ಮ ಕ್ಷೇತ್ರದ ಸಂಸದರ ಆಫೀಸಿನದು. "ನಿನಗೆ ಓಟಿಲ್ಲ, ಆದರೆ ಇಲ್ಲೇ ವಾಸ ಇದ್ದೀಯಲ್ಲ, ನೀನೂ ಫೋನ್ ಮಾಡಬಹುದು. ವಲಸೆ ಕಾನೂನು ತಿದ್ದುವ ಬಿಲ್ ಬೆಂಬಲಿಸಿ ಅಂತ ಹೇಳು" ಅಂದರು.

ನಾನು ಮಾಡಲಿಲ್ಲ. ಮಾಡಿದೆ ಅಂತ ಹೇಳಿದೆ.

ಸುಮ್ನೆ ಸೋಮಾರಿತನದಿಂದ ಅಂತ ಬರೆದು ಮುಗಿಸೋಣ ಅಂತಿದ್ದೆ. ಆದರೆ ಅದೇ ಯುಗಾದಿಯಲ್ಲಿ ಇಲ್ಲಿನ ಕನ್ನಡ ಕೂಟದ ಊಟಕ್ಕೆ ಬಂದವರು ಯಾರಾದರೂ ಇದನ್ನು ಓದುತ್ತಿರಬಹುದು. ಅವತ್ತು ನಾನು ಮೈಕ್ ಹಿಡಿದು ಭಾಷಣ ಬಿಗಿದಿದ್ದೆ. ನಾವು ಓದಿ, ಪರೀಕ್ಷೆ ಬರೆದು, ಕ್ಯೂನಲ್ಲಿ ನಿಂತು ಬಂದವರು. ಅವರು ಗೋಡೆ ಹಾರಿ ಬಂದವರು. ಇಬ್ಬರನ್ನೂ ಒಂದೇ ಬಿಲ್ಲಿನಲ್ಲಿ ಕಟ್ಟುವುದು ನಮಗೆ ಅವಮಾನ. ಜೋರು ಚಪ್ಪಾಳೆ ಬಿತ್ತು. ಒಬ್ಬರು ಬಂದು ಎರಡನೇ ಹೋಳಿಗೆ ಬಡಿಸಿದರು.

ಕಳೆದ ವಾರ, ಹದಿಮೂರು ವರ್ಷ ತಡವಾಗಿ, ಆ ಬಿಲ್ಲನ್ನು ಓದಿದೆ. 2013ರ ಜೂನ್ 27ರಂದು ಸೆನೆಟ್ 68–32ರಲ್ಲಿ ಅದನ್ನು ಪಾಸು ಮಾಡಿತ್ತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ, ಹಾಗೇ ಸತ್ತಿತು. ಕಾಗದವಿಲ್ಲದ ಸುಮಾರು 1.1 ಕೋಟಿ ಜನರಿಗೆ ಅದೇನೂ ಪುಕ್ಕಟೆ ಟಿಕೆಟ್ ಕೊಟ್ಟಿರಲಿಲ್ಲ. ದಂಡ ಕಟ್ಟಬೇಕು, ಪೊಲೀಸ್ ದಾಖಲೆ ತೋರಿಸಬೇಕು, ಹೆಚ್ಚಿನವರು ಪೌರತ್ವಕ್ಕೆ ಕಡಿಮೆಯೆಂದರೂ 13 ವರ್ಷ ಕಾಯಬೇಕು. ಕಾಯುವ ತಪಸ್ಸು ನಮ್ಮದೊಂದೇ ಅಂದುಕೊಂಡಿದ್ದೆ ನಾನು.

ಅದೇ ಬಿಲ್ಲಿನಲ್ಲಿ ಇನ್ನೊಂದು ಭಾಗ ಇತ್ತು ಕಣೋ. ಕೆಲಸದ ಆಧಾರದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ವರ್ಷಕ್ಕೆ ಶೇ. 7ಕ್ಕಿಂತ ಜಾಸ್ತಿ ಇಲ್ಲ ಅನ್ನೋ ಮಿತಿ ಇದೆಯಲ್ಲ, ಐಸ್‌ಲ್ಯಾಂಡಿಗೂ ಅಷ್ಟೇ ಭಾರತಕ್ಕೂ ಅಷ್ಟೇ, ಆ ಮಿತಿಯನ್ನು ತೆಗೆದುಹಾಕುವ ಭಾಗ. ಹೆಂಡತಿ ಮಕ್ಕಳನ್ನು ಆ ಲೆಕ್ಕಕ್ಕೇ ಸೇರಿಸಬಾರದು ಅಂತಲೂ ಇತ್ತು. ನನ್ನ ಅರ್ಜಿ 2015ರ ಕೊನೆಯದು. ಆ ಬಿಲ್ ಕಾನೂನಾಗಿದ್ದರೆ ಮಗನ 21ನೇ ಹುಟ್ಟುಹಬ್ಬಕ್ಕೆ ನಾನು ಹೆದರಿ ಕೂರುತ್ತಿರಲಿಲ್ಲ, ಕೇಕ್ ಆರ್ಡರ್ ಮಾಡುತ್ತಿದ್ದೆ.

ಹರಿಹರದ ಬಸ್ಸು ನೆನಪಿದೆಯಾ? ಫುಟ್‌ಬೋರ್ಡಿನ ಮೇಲೆ ನಿಂತು, ಹಿಂದಿನವರಿಗೆ ಜಾಗ ಇಲ್ಲ ಅಂತ ತಡೆಯುತ್ತಿದ್ದ ಆ ಹಸಿರು ಶರ್ಟಿನವನು? ಅವನೇ ನಾನು.

ನನ್ನದೊಂದು ಫೋನಿನಿಂದ ಬಿಲ್ ಪಾಸಾಗುತ್ತಿರಲಿಲ್ಲ, ಅದು ಗೊತ್ತು. ನೀನು ಸಮಾಧಾನ ಹೇಳಲು ಬರಬೇಡ. ಮುಖಂಡರು ಅಷ್ಟೊಂದು ಪತ್ರ ಬರೆದು, ಜಾಹೀರಾತು ಕೊಟ್ಟು, ವಾಷಿಂಗ್ಟನ್‌ಗೆ ಹೋಗಿ ಕೂತರೂ ಅವರ ಸ್ವಂತ ಮಂದಿಯೇ ಕೇಳಲಿಲ್ಲ. 2015ರಲ್ಲಿ ಲೈಫ್‌ವೇ ಅನ್ನೋ ಕ್ರೈಸ್ತ ಸಂಸ್ಥೆಯ ಸಮೀಕ್ಷೆಯವರು ಇವ್ಯಾಂಜೆಲಿಕಲ್ ಜನರನ್ನೇ ಕೇಳಿದರು: ವಲಸೆಯ ಬಗ್ಗೆ ನಿಮ್ಮ ಅಭಿಪ್ರಾಯ ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲಿಂದ ಬಂತು? ಬೈಬಲಿನಿಂದ ಅಂದವರು ನೂರಕ್ಕೆ ಹನ್ನೆರಡು ಜನ. ಮರುವರ್ಷದ ಚುನಾವಣೆಯಲ್ಲಿ ಬಿಳಿಯ ಇವ್ಯಾಂಜೆಲಿಕಲ್‌ಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಜನ ಟ್ರಂಪ್‌ಗೆ ಓಟು ಹಾಕಿದರು. ಶಾನುಭೋಗರೂ ಹಾಕಿದರು. ಮೂರು ಸಲವೂ. ಯಾಕೆ ಅಂತ ಒಮ್ಮೆ ಕೇಳಿದ್ದೆ. ಗರ್ಭಪಾತ, ನ್ಯಾಯಾಧೀಶರು ಅಂದು ಮಾತು ನಿಲ್ಲಿಸಿದರು. ಪಾಕೆಟ್ ಪುಸ್ತಕ ಹೊರಗೆ ಬರಲಿಲ್ಲ.

2018ರಲ್ಲಿ ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಕಿತ್ತುಕೊಂಡಾಗ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಕೂಡ ಬೈಬಲನ್ನೇ ತೋರಿಸಿದ್ದರು, ಅಧಿಕಾರಿಗಳಿಗೆ ತಲೆಬಾಗಿ ಅನ್ನೋ ಭಾಗವನ್ನು. ಬುಕ್‌ಮಾರ್ಕ್ ಕೊಟ್ಟಿದ್ದ ಶಾನುಭೋಗರು ಆ ವಾರ ಯಾರ ಜೊತೆಗೂ ಮಾತಾಡಲಿಲ್ಲ. ಹುಲ್ಲು ಮಾತ್ರ ಎರಡು ಸಲ ಕತ್ತರಿಸಿದರು.

ಅವರನ್ನು ನೋಡಿ ನಗಬೇಕು ಅನ್ನಿಸುತ್ತಿತ್ತು ಮೊದಲು. ಓಟು ಒಂದು ಕಡೆ, ಶನಿವಾರ ಇನ್ನೊಂದು ಕಡೆ. ಪ್ರತಿ ಶನಿವಾರ ಪಿಕಪ್ಪಿನಲ್ಲಿ ಸೋಫಾ, ಮಂಚ ಹೇರಿಕೊಂಡು ನಿರಾಶ್ರಿತರ ಮನೆಗೆ ಹೋಗುತ್ತಿದ್ದರು. ಕಾಂಗೋದವರು, ಅಫ್ಘಾನಿಸ್ತಾನದವರು, ಬರ್ಮಾದವರು. ವರ್ಷಕ್ಕೆ ಇಷ್ಟು ನಿರಾಶ್ರಿತರನ್ನು ಒಳಬಿಡುತ್ತೇವೆ ಅನ್ನೋ ಮಿತಿ 2025ರಲ್ಲಿ 1,25,000 ಇತ್ತು, ಅದನ್ನು ಮರುವರ್ಷಕ್ಕೆ 7,500ಕ್ಕೆ ಇಳಿಸಿದರು. ಈಗ ಚರ್ಚಿನ ಗೋದಾಮಿನಲ್ಲಿ ಸೋಫಾಗಳು ಒಂದರ ಮೇಲೊಂದು ಕೂತಿವೆ. ಅದೇ ಚರ್ಚಿನ ನೆಲಮಾಳಿಗೆಯಲ್ಲಿ ಭಾನುವಾರ ಮಧ್ಯಾಹ್ನ ಸ್ಪ್ಯಾನಿಷ್ ಮಾತಾಡುವವರ ಪ್ರಾರ್ಥನೆ ನಡೆಯುತ್ತದೆ. ಚರ್ಚಿನೊಳಗೆ ಹೋಗಿ ಕಾಗದವಿಲ್ಲದವರನ್ನು ಹಿಡಿಯಬಾರದು ಅಂತ ವಲಸೆ ಅಧಿಕಾರಿಗಳಿಗೆ ಇದ್ದ ಕಟ್ಟಳೆಯನ್ನು 2025ರ ಜನವರಿಯಲ್ಲಿ ತೆಗೆದರು. ಸೆಪ್ಟೆಂಬರಿನಲ್ಲಿ ಶಿಕಾಗೋ ಸುತ್ತ ಹಿಡಿಯುವುದು ಜೋರಾಯಿತು. ಕುರ್ಚಿಗಳು ಖಾಲಿಯಾದವು. ಆ ವರ್ಷ ಇವ್ಯಾಂಜೆಲಿಕಲ್ ಮುಖಂಡರು ಕ್ಯಾಥೊಲಿಕ್ ಬಿಷಪ್ಪರ ಜೊತೆ ಸೇರಿ ಒಂದು ವರದಿ ತಂದಿದ್ದರು. ಅಮೆರಿಕದ ಪ್ರತಿ 12 ಕ್ರೈಸ್ತರಲ್ಲಿ ಒಬ್ಬರು ಗಡೀಪಾರಿನ ಅಂಚಿನಲ್ಲಿದ್ದಾರೆ, ಇಲ್ಲವೇ ಅಂಥವರ ಜೊತೆ ಒಂದೇ ಮನೆಯಲ್ಲಿದ್ದಾರೆ ಅಂತ. ಶಾನುಭೋಗರು ಅದನ್ನು ಓದಿ, ನಾವು ಓಡಿಸುತ್ತಿರುವುದು ನಮ್ಮ ಪಕ್ಕದ ಬೆಂಚಿನವರನ್ನೇ ಅಂದರು. 'ನಾವು' ಅಂದರು, ಗಮನಿಸಿದೆಯಾ?

ನಾನು ಅಷ್ಟೂ ಹೇಳಿಲ್ಲ. 2025ರ ಫೆಬ್ರವರಿ 5ರಂದು 104 ಜನ ಭಾರತೀಯರನ್ನು ಬೇಡಿ ಹಾಕಿ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದರಲ್ಲ, ನೀನು ಅವತ್ತು ಸಿಟ್ಟಿನಲ್ಲಿ ಫೋನ್ ಮಾಡಿದ್ದೆ. ನಾನೂ ಸಿಟ್ಟಾದವನಂತೆ ಮಾತಾಡಿದೆ. ಆದರೆ ನೀನು ಫೋನ್ ಮಾಡುವ ಮೊದಲೇ ನಾನು ಯಾವ ರಾಜ್ಯದವರು ಎಷ್ಟು ಅನ್ನೋ ಪಟ್ಟಿ ನೋಡಿದ್ದೆ. ಹರಿಯಾಣ, ಗುಜರಾತ್, ಪಂಜಾಬ್. ಕರ್ನಾಟಕ ಇರಲಿಲ್ಲ. ಸದ್ಯ, ನಮ್ಮವರಿಲ್ಲ ಅಂದುಕೊಂಡು ಚಹಾ ಕುಡಿದೆ. ಅದರಲ್ಲೂ ಎರಡನೇ ಕಪ್ ನೆಮ್ಮದಿಯಾಗಿ ಕುಡಿದೆ. ನಮ್ಮವರು ಅಂದರೆ ಯಾರು ಅಂತ ಈ ಇಳಿವಯಸ್ಸಿನಲ್ಲಿ ನನ್ನನ್ನು ಕೇಳಬೇಡ.

ಸಾಕು, ಜಾಸ್ತಿ ಆಯಿತು. ನನ್ನ ಹೆಂಡತಿ ಹಿಂದಿನಿಂದ ಇಣುಕಿ, "ಆ ಹೋಳಿಗೆ ವಾಪಸ್ ಕೊಡ್ತೀರಾ?" ಅಂತ ಕೇಳುತ್ತಿದ್ದಾಳೆ. ಇಳಿವಯಸ್ಸು ಅಂದರೆ 49 ಅಂತ ಓದುಗರಿಗೆ ತಿಳಿಸಬೇಕಂತೆ. ಕೂಟದವರು ಈ ವರ್ಷದ ರಾಜ್ಯೋತ್ಸವಕ್ಕೆ ಮತ್ತೆ ಭಾಷಣಕ್ಕೆ ಕರೆದಿದ್ದಾರೆ. ಗಂಟಲು ನೋವು ಅಂತ ಹೇಳಬೇಕು. ನಿನ್ನ ಹತ್ತಿರ ಒಳ್ಳೆಯ ನೆಪ ಇದ್ದರೆ ಕಳಿಸು, ಕಾಲೇಜಿನಲ್ಲಿ ಆ ಇಲಾಖೆ ನಿನ್ನದೇ ಆಗಿತ್ತು.

ನಾಳೆ ಬೆಳಿಗ್ಗೆ ಎಂಟಕ್ಕೆ ಶಾನುಭೋಗರ ಜೊತೆ ಒಂದು ಮಂಚ ಸಾಗಿಸುವುದಿದೆ, ತಿಂಗಳಿಗೆ ಸಿಕ್ಕ ಒಂದೇ ಮನೆ. ಆ ಫೋನಿನ ವಿಷಯ ಅವರಿಗೆ ಇನ್ನೂ ಹೇಳಿಲ್ಲ. 2013ರ ಪಾಕೆಟ್ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಒಂದು ಟಿಕ್ ಮಾರ್ಕ್ ಇದ್ದೇ ಇರುತ್ತದೆ. ಅವರಿಗೆ ಕನ್ನಡ ಬರುವುದಿಲ್ಲ ಅನ್ನೋ ಧೈರ್ಯದ ಮೇಲೆ ಇಷ್ಟೆಲ್ಲ ಬರೆದೆ. ಫೇಸ್‌ಬುಕ್ಕಿನಲ್ಲಿ ಅನುವಾದದ ಗುಂಡಿ ಇದೆ ಅಂತ ಈಗ ತಾನೇ ನೆನಪಾಯಿತು.

ಇಂತಿ ನಿನ್ನ,
ಹಸಿರು ಶರ್ಟು