ಮಗಳಿಗೊಂದು ಪತ್ರ: ಆ ಫ್ಯಾನ್ ಸದ್ದಿನ ಮ್ಯೂಸಿಕ್ಕು

ಪುಟ್ಟಿ,

ಹೋದ್ಸಲ ಬಂದಾಗ ನೀನು ಹೆಡ್‌ಫೋನ್ ಕಿವಿಗಿಟ್ಟು, ಹಾಡು ತಾಳ ಏನೂ ಇಲ್ದೆ ತುಂಬಾ ನಿಧಾನಕ್ಕೆ ಬದಲಾಗೋ ಆ ಮ್ಯೂಸಿಕ್ಕನ್ನ ಕೇಳಪ್ಪಾ ಅಂದೆ, ನಾನು ಎರಡೇ ನಿಮಿಷಕ್ಕೆ ಕಿತ್ತಿಟ್ಟು ಇದೇನೇ ಇದು ಕೆಟ್ಟೋಗಿರೋ ಫ್ಯಾನ್ ಥರ ಇದೆ, ಹಾಡು ಯಾವಾಗ ಶುರುವಾಗುತ್ತೆ ಅಂತ ನಕ್ಕಿದ್ದೆ ಅಲ್ವಾ. ಈಗ ಅದನ್ನೇ ದಿನಾ ರಾತ್ರಿ ಕೇಳ್ತಿದೀನಿ. ನಗಬೇಡ.

ರಾತ್ರಿ ಎರಡಕ್ಕೆ ಎಚ್ಚರ ಆಗುತ್ತೆ, ಕೈ ತಾನಾಗೇ ಫೋನಿಗೆ ಹೋಗುತ್ತೆ, ಒಂದು ಸುದ್ದಿ ಓದಿದ್ರೆ ಅದರ ಬಾಲ ಹಿಡ್ಕೊಂಡು ಇನ್ನೂ ಹತ್ತು, ಯಾವ್ದು ನಿಜ ಯಾವ್ದು ಎಐ ಮಾಡಿದ್ದು ಅಂತಾನೂ ತಿಳಿಯಲ್ಲ, ತಲೆ ಗಿರ್ ಅನ್ನುತ್ತೆ. ಅಂಥ ಒಂದು ರಾತ್ರಿ ನೀನು ಕಳ್ಸಿದ್ದ ಲಿಂಕ್ ಒತ್ತಿದೆ. ಬ್ರಯಾನ್ ಈನೋ ಅನ್ನೋ ಇಂಗ್ಲಿಷ್ ಸಂಗೀತಗಾರನ ಕೃತಿ, 1975ರದ್ದು, ಅರ್ಧ ಗಂಟೆ. ಆತ ಆಕ್ಸಿಡೆಂಟ್ ಆಗಿ ಮಲಗಿದ್ದಾಗ ಹಾರ್ಪ್ ರೆಕಾರ್ಡ್ ಹಾಕ್ಕೊಂಡು ನೋಡಿದ್ರೆ ವಾಲ್ಯೂಮ್ ತೀರಾ ಕಮ್ಮಿಯಂತೆ, ಎದ್ದು ಜಾಸ್ತಿ ಮಾಡೋಕೆ ತ್ರಾಣ ಇಲ್ಲದೆ ಮಳೆ ಸದ್ದಲ್ಲಿ ಕೇಳ್ಸಿದಷ್ಟೇ ಕೇಳ್ಕೊಂಡು ಬಿದ್ದಿದ್ನಂತೆ. ಅಲ್ಲಿಂದ ಹುಟ್ಟಿದ ಐಡಿಯಾ ಇದು. ಎರಡು ಚಿಕ್ಕ ಟ್ಯೂನು, ಉದ್ದ ಮಾತ್ರ ಬೇರೆ ಬೇರೆ, ಟೇಪಲ್ಲಿ ಸುತ್ತುತ್ತಾ ಸುತ್ತುತ್ತಾ ಒಂದೊಂದು ಸಲ ಒಂದೊಂದು ಥರ ಸೇರ್ತವೆ. ಮೊದಲ ಹತ್ತು ನಿಮಿಷ ನಂಗೆ ಕಾಲು ಅಲ್ಲಾಡಿಸೋದೇ ಆಯ್ತು. ಆಮೇಲೆ ಯಾವಾಗ್ಲೋ ಸದ್ದು ಬದಲಾಗಿದೆ ಅಂತ ಗೊತ್ತಾಯ್ತು, ಯಾವಾಗ ಬದಲಾಯ್ತು ಅನ್ನೋದು ಮಾತ್ರ ಸಿಗಲಿಲ್ಲ, ಅದನ್ನ ಹಿಡಿಯೋಕೆ ಹೋಗಿ ಫೋನೇ ಮರೆತುಬಿಟ್ಟೆ ನೋಡು.

ಬಸಿನ್ಸ್ಕಿ ಅನ್ನೋ ಅಮೆರಿಕನ್ ಸಂಗೀತಗಾರನದು ಮಾತ್ರ ನನ್ನಿಂದ ಕೇಳೋಕೆ ಆಗಲಿಲ್ಲ. ಹಳೇ ಟೇಪು ಓಡ್ತಾ ಓಡ್ತಾ ಪುಡಿ ಉದುರಿ ಸಂಗೀತಾನೇ ಸವೆದು ಹೋಗೋದು, ನನ್ನ ವಯಸ್ಸಿನವರಿಗೆ ಅದು ಬೇಡ ಕಣೇ.

ಆದ್ರೆ ಜರ್ಮನಿಯ ಆ ಚರ್ಚಿನ ಆರ್ಗನ್ನು! ಜಾನ್ ಕೇಜ್ ಅನ್ನೋ ಅಮೆರಿಕನ್ ಸಂಗೀತಗಾರನ ಕೃತಿ, ಹಾಲ್ಬರ್‌ಸ್ಟಾಟ್ ಅನ್ನೋ ಊರಲ್ಲಿ 2001ರಲ್ಲಿ ಶುರು ಮಾಡಿದಾರೆ, ಮುಗಿಯೋದು 2640ಕ್ಕೆ, ಒಟ್ಟು 639 ವರ್ಷ. ಮೊದಲ 17 ತಿಂಗಳು ಬರೀ ಮೌನ, ಟೈಪಿಂಗ್ ಮಿಸ್ಟೇಕ್ ಅಲ್ಲ, ನಾನೂ ಎರಡು ಸಲ ಓದ್ದೆ. 2024ರ ಫೆಬ್ರವರಿಲಿ ಒಂದು ಸ್ವರ ಬದಲಾಯ್ಸೋದು ನೋಡೋಕೆ ಜನ ಸೇರಿದ್ರು. ನಾನಿಲ್ಲಿ ಮುಂದಿನ ವರ್ಷ ಏನಾಗುತ್ತೋ ಅಂತ ಹೊರಳಾಡ್ತಿದ್ರೆ ಅವ್ರು 2640ರಲ್ಲಿ ಯಾರೋ ಬಂದು ಆರ್ಗನ್ ನಿಲ್ಲಿಸ್ತಾರೆ ಅಂತ ಆರಾಮಾಗಿದಾರೆ. ಹುಚ್ಚೋ ಧೈರ್ಯವೋ.

ಇನ್ನೇನಾದ್ರೂ ಇದ್ರೆ ಕಳ್ಸು, ಒಂದು ಗಂಟೆ ಒಳಗಿಂದು. ನಿನ್ನೆ ಹೆಡ್‌ಫೋನ್ ಚಾರ್ಜ್ ಇರಲಿಲ್ಲ ಅಂತ ಸ್ಪೀಕರಲ್ಲಿ ಹಾಕಿದ್ದೆ, ಬೆಳಗ್ಗೆ ನಿಮ್ಮಮ್ಮ ಫ್ಯಾನ್ ರಿಪೇರಿಯವನಿಗೆ ಫೋನ್ ಮಾಡ್ತಿದ್ಲು.

ನಿನ್ನ
ಅಪ್ಪ