ಸಣ್ಣ ಉದ್ಯಮಿಗೂ ಶಾಲೆಯ ಬಾಗಿಲು ತೆರೆಯಲಿ

ಮಾನ್ಯರೇ,

ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು) ಶಾಲೆಗೆ ಬೇಕಾದ ಕಲಿಕಾ ಸಾಮಗ್ರಿ ತಯಾರಿಸುವ ಕಪ್ಪು ಹಾಗೂ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಉದ್ಯಮಿಗಳ ಜೊತೆ ಕೈಜೋಡಿಸುವ ಬಗೆಗಿನ ವರದಿ ಓದಿದೆ. ಟೆಂಡರ್ ನಿಯಮ ಬದಲಾಗದಿದ್ದರೆ ಇದು ಬರೀ ಬಾಯಿಮಾತು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬಿಳಿಯರಲ್ಲ. ಶಿಕ್ಷಕರಲ್ಲಿ ಮಾತ್ರ ಸುಮಾರು ಶೇ 80ರಷ್ಟು ಬಿಳಿಯರೇ. ಆ ಮಕ್ಕಳ ಬಡಾವಣೆಯಲ್ಲೇ ಬೆಳೆದ ಉದ್ಯಮಿ ಯಾರಾದರೂ ಓದು ಕಲಿಸುವ ಆ್ಯಪ್ ಮಾಡಿಕೊಂಡು ಬಂದರೆ, ಹಿಂದೆ ಇಷ್ಟು ದೊಡ್ಡ ಗುತ್ತಿಗೆ ಮಾಡಿದ್ದೀರಾ, ವಿಮೆ ಎಷ್ಟಿದೆ ಎಂದು ನೂರೆಂಟು ಫಾರಂ ತುಂಬಿಸುತ್ತಾರೆ; ಬಿಲ್ ಪಾಸಾಗುವಷ್ಟರಲ್ಲಿ ಕೈಯಲ್ಲಿದ್ದ ದುಡ್ಡೂ ಖಾಲಿ. ದೊಡ್ಡ ಪಠ್ಯಪುಸ್ತಕ ಕಂಪನಿಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ, ಅಲ್ವಾ? ಮೊದಲು ಒಂದೆರಡು ಶಾಲೆಗಳಲ್ಲಿ ಒಂದು ವರ್ಷದ ಸಣ್ಣ ಗುತ್ತಿಗೆ ಕೊಡಲಿ, 30 ದಿನದೊಳಗೆ ಹಣ ಪಾವತಿಸಲಿ, ಮಕ್ಕಳ ಓದು ಸುಧಾರಿಸಿದರೆ ಮುಂದುವರಿಸಲಿ. ಅಲ್ಲಿರುವ ಕನ್ನಡಿಗ ಪೋಷಕರೂ ಸ್ಕೂಲ್ ಬೋರ್ಡ್ (ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿ) ಸಭೆಯಲ್ಲಿ ಇದನ್ನು ಕೇಳಬಹುದು.

– ಓರ್ವ ಓದುಗ, ಮೈಸೂರು