ಪ್ರವಾಸಕ್ಕೆ ಹೋದ ಮಕ್ಕಳನ್ನ ಸಮುದ್ರದ ಮುಂದೆ ಎರಡು ಗಂಟೆ ಕೂರಿಸಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಡಿಸೆಂಬರ್ ಹತ್ರ ಬಂತು ಅಂದ್ರೆ ನಮ್ಮ ಮಂಡ್ಯ ಮೈಸೂರು ಕಡೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತೆ, ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಮುರುಡೇಶ್ವರ ಅಂತ ಲಿಸ್ಟ್ ರೆಡಿಯಾಗುತ್ತೆ, ಮೂರು ದಿನದಲ್ಲಿ ಅಷ್ಟೂ ಮುಗಿಸಿ ರಾತ್ರಿಯೆಲ್ಲ ಬಸ್ಸಲ್ಲಿ ತೂಕಡಿಸ್ಕೊಂಡು ಮಕ್ಕಳು ಊರಿಗೆ ಬರ್ತಾರೆ. ಈ ಲಿಸ್ಟಲ್ಲಿ ಸಮುದ್ರಕ್ಕೆ ಸಿಗೋದು ಅರ್ಧ ಗಂಟೆ, ಜಾಸ್ತಿ ಅಂದ್ರೆ ಮುಕ್ಕಾಲು. ನನ್ನ ಕೋರಿಕೆ ಒಂದೇ, ಲಿಸ್ಟಿಂದ ಯಾವುದಾದ್ರೂ ಒಂದು ಜಾಗ ತೆಗೆದು ಸಮುದ್ರದ ಮುಂದೆ ಮಕ್ಕಳನ್ನ ಎರಡು ಗಂಟೆ ಕೂರಿಸಿ, ಕೈಗೆ ಒಂದು ಹಾಳೆ ಒಂದು ಪೆನ್ಸಿಲ್ ಕೊಡಿ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಬರೀತಿದೀನಿ, ಪೇಪರಲ್ಲಿ ಜಾಗ ಇದ್ರೆ ದಯವಿಟ್ಟು ಪೂರ್ತಿ ಹಾಕಿ.

ನಾನು ಡ್ರಾಯಿಂಗ್ ಮೇಷ್ಟ್ರು. ಹುಟ್ಟಿದ್ದು ಪಾಂಡವಪುರದ ಹತ್ರ ಒಂದು ಹಳ್ಳಿ, ಆದ್ರೆ ಕೆಲಸ ಸಿಕ್ಕಿದ್ದು ಕುಂದಾಪುರ ತಾಲೂಕಲ್ಲಿ, ಅಲ್ಲಿ ಹನ್ನೊಂದು ವರ್ಷ ಇದ್ದೆ. ಭಾನುವಾರ ಬೆಳಗ್ಗೆ ಮಕ್ಕಳನ್ನ ಕರ್ಕೊಂಡು ಒಂದ್ಸಲ ಕೋಡಿ, ಒಂದ್ಸಲ ಗಂಗೊಳ್ಳಿ ಬಂದರು, ಇನ್ನೊಂದ್ಸಲ ಮರವಂತೆ, ಹೀಗೆ ಹೋಗಿ ಸ್ಕೆಚ್ ಮಾಡಿಸ್ತಿದ್ದೆ, ದೊಡ್ಡ ಮಕ್ಕಳಿಗೆ ವಾಟರ್ ಕಲರ್. ಆಮೇಲೆ ಟ್ರಾನ್ಸ್‌ಫರ್ ಆಗಿ ಮಂಡ್ಯಕ್ಕೆ ಬಂದೆ. ಬಂದ ಮೇಲೂ ಬಿಡಕ್ಕಾಗ್ಲಿಲ್ಲ, ವರ್ಷಕ್ಕೊಂದ್ಸಲ ಹದಿನೈದು ಮಕ್ಕಳನ್ನ, ಅಪ್ಪ ಅಮ್ಮನ ಒಪ್ಪಿಗೆ ತಗೊಂಡು, ಜೊತೆಗೆ ಇಬ್ಬರು ಮೂವರು ಪೋಷಕರನ್ನೂ ಕರ್ಕೊಂಡು ಅದೇ ಕಡಲಿಗೆ ಹೋಗಿ ಬರ್ತೀನಿ. ಎರಡೂ ಕಡೆ ಮಕ್ಕಳಿಗೆ ಕಲಿಸಿರೋದ್ರಿಂದ ಒಂದು ವಿಷಯ ಗಟ್ಟಿಯಾಗಿ ಹೇಳಬಲ್ಲೆ, ಸಮುದ್ರ ಅಂಗಳದಲ್ಲೇ ಇರೋ ಮಕ್ಕಳಿಗಿಂತ ನಮ್ಮ ಕಬ್ಬಿನ ಸೀಮೆ ಮಕ್ಕಳಿಗೆ ಅದರ ಮುಂದೆ ಕೂತು ಬಿಡಿಸೋದು ಹೆಚ್ಚು ಕಲಿಸುತ್ತೆ.

ಯಾಕಂದ್ರೆ ಡ್ರಾಯಿಂಗ್ ಕ್ಲಾಸಲ್ಲಿ ನಾವು ಬೋರ್ಡ್ ಮೇಲೆ ಒಂದು ಅಡ್ಡಗೆರೆ ಹಾಕಿ ಇದು ಕಣ್ಣಿನ ಮಟ್ಟ, ದೂರದ್ದೆಲ್ಲ ಇಲ್ಲಿಗೆ ಬಂದು ಸೇರುತ್ತೆ ಅಂತೀವಿ, ಮಕ್ಕಳು ತಲೆ ಆಡಿಸ್ತಾವೆ, ಆದ್ರೆ ಆ ಗೆರೆಯನ್ನ ಒಬ್ಬರೂ ಕಣ್ಣಾರೆ ನೋಡಿರಲ್ಲ. ಮಂಡ್ಯದಲ್ಲಿ ಎಲ್ಲಿ ನಿಂತ್ರೂ ಕಬ್ಬು ಅಡ್ಡ, ತೆಂಗು ಅಡ್ಡ, ಮನೆ ಅಡ್ಡ. ಸಮುದ್ರದಲ್ಲಿ ಆ ಗೆರೆ ಬರೀ ಮೈಯಲ್ಲಿ ನಿಂತಿರುತ್ತೆ. ಮರಳ ಮೇಲೆ ಎಳೆದು ನಿಲ್ಲಿಸಿರೋ ಒಂದು ದೋಣಿ ಮುಂದೆ ಮಕ್ಕಳನ್ನ ಕೂರಿಸ್ತೀನಿ, ಕೂತಾಗ ಬಾನಂಚಿನ ಗೆರೆ ದೋಣಿ ಹೊಟ್ಟೆ ಹತ್ರ ಹಾದು ಹೋಗುತ್ತೆ, ಎದ್ದು ನಿಂತ್ಕೊಳ್ರೋ ಅಂತೀನಿ, ಎದ್ದ ತಕ್ಷಣ ಅದು ದೋಣಿ ಅಂಚು ದಾಟಿ ಮೇಲಕ್ಕೆ ಬಂದಿರುತ್ತೆ. ಮತ್ತೆ ಕೂರಿ, ಮತ್ತೆ ಕೆಳಗೆ. ನಾಲ್ಕೈದು ಸಲ ಕೂತು ಎದ್ದು ಮಾಡ್ತಾವೆ ಮಕ್ಕಳು, ನಗ್ತಾವೆ, ಅಷ್ಟೇ, ಪರ್ಸ್‌ಪೆಕ್ಟಿವ್ ಪಾಠ ಮುಗೀತು. ನಾನು ಬೋರ್ಡ್ ಮುಂದೆ ಒಂದು ವರ್ಷ ಒದ್ದಾಡಿದ್ರೂ ಇಷ್ಟು ತಲೆಗೆ ಹೋಗ್ತಿರಲಿಲ್ಲ.

ಇನ್ನು ಬಣ್ಣ. ಎರಡು ವರ್ಷದ ಹಿಂದೆ ಮಲ್ಪೆಯಲ್ಲಿ ಎಂಟನೇ ಕ್ಲಾಸಿನ ಒಂದು ಹುಡುಗಿ, ಸಮುದ್ರ ನೋಡಿದ್ದೇ ಅವತ್ತು ಮೊದಲು, ಕೂತ ತಕ್ಷಣ ಬಾಕ್ಸಲ್ಲಿದ್ದ ನೀಲಿ ತೆಗೆದು ನೀರೆಲ್ಲ ಒಂದೇ ಸಮ ಬಳಿದುಬಿಟ್ಲು. ನಾನೇನೂ ಅನ್ನಲಿಲ್ಲ, ನೀನು ಹಾಕಿರೋ ಬಣ್ಣ ನೀರಲ್ಲಿ ಎಲ್ಲಿದೆ ಬೆರಳು ಮಾಡಿ ತೋರಿಸು ಅಂದೆ. ಹುಡುಕಿದ್ಲು. ಹತ್ತಿರದ ಅಲೆ ಮರಳು ಕಲಸ್ಕೊಂಡು ಕದಡಿದ ಟೀ ಥರ ಇತ್ತು, ಅದರಾಚೆ ಹಸಿರು, ಅದರಾಚೆ ಬೂದಿ ಮಿಶ್ರ ಹಸಿರು, ನೀಲಿ ಅನ್ನೋದು ತುದಿಯಲ್ಲಿ ಒಂದು ದಾರದಷ್ಟು. ಅಲೆ ಹಿಂದಕ್ಕೆ ಹೋದ ಮೇಲೆ ಒದ್ದೆ ಮರಳಲ್ಲಿ ಆಕಾಶದ ಬಣ್ಣ. "ಸಾ, ನೀರು ನೀಲಿಗೇ ಇಲ್ವಲ್ಲ ಸಾ" ಅಂದ್ಲು, ಯಾರೋ ಇಷ್ಟು ದಿನ ಸುಳ್ಳು ಹೇಳಿದ್ರು ಅನ್ನೋ ಥರ. ಬೇರೆ ಹಾಳೆ ತಗೊಂಡು ಮತ್ತೆ ಶುರು ಮಾಡಿದ್ಲು, ಮುಗಿಯೋ ಅಷ್ಟರಲ್ಲಿ ಬೆಳಕು ಹೋಗಿತ್ತು, ಆದ್ರೆ ಅವಳು ಎದ್ದಿಲ್ಲ. ಈಗ ಮಕ್ಕಳು ಮೊಬೈಲಲ್ಲಿ ಒಂದು ಫೋಟೋ ಇಟ್ಕೊಂಡು ನೋಡಿ ಬರೀತಾವೆ, ಬೈಯಲ್ಲ ನಾನು, ಆದ್ರೆ ಫೋಟೋದಲ್ಲಿ ಬಣ್ಣವನ್ನ ಫೋನೇ ಆರಿಸಿಟ್ಟಿರುತ್ತೆ, ಮಗುಗೆ ಆರಿಸೋ ಕೆಲಸ ಉಳಿಯಲ್ಲ.

ವಾಟರ್ ಕಲರ್ ಚಿಕ್ಕ ಮಕ್ಕಳ ಬಣ್ಣ, ದೊಡ್ಡ ಕಲಾವಿದರದ್ದೆಲ್ಲ ಆಯಿಲ್ ಅಂತ ನಮ್ಮಲ್ಲಿ ಸುಮಾರು ಜನ ತಿಳ್ಕೊಂಡಿದಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕತ್ತಲೆ ಕೋಣೇಲಿ ದೀಪ ಹಿಡ್ಕೊಂಡು ನಿಂತಿರೋ ಹೆಂಗಸಿನ ಚಿತ್ರ ಇದೆಯಲ್ಲ, ಎಲ್ಲರೂ ರವಿವರ್ಮನದ್ದು ಅಂತಾರೆ, ಅದು ಬರೆದಿದ್ದು ಹಲ್ದಣಕರ್ ಅನ್ನೋರು, ಅದು ವಾಟರ್ ಕಲರೇ. ನಮ್ಮ ಅರಮನೆಯ ಕಲಾವಿದ ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲಿನ ಬೆಟ್ಟ, ಮಂಜು ಹಿಡಿದಿದ್ದೂ ಜಲವರ್ಣದಲ್ಲೇ. ಈ ಬಣ್ಣದ ಕಷ್ಟ ಸುಖ ಎರಡೂ ಗಾಳಿ ಮೇಲೆ ನಿಂತಿದೆ. ಮಂಡ್ಯದಲ್ಲಿ ಮಾರ್ಚ್ ತಿಂಗಳಲ್ಲಿ ಆಕಾಶಕ್ಕೆ ಒಂದು ವಾಶ್, ಅಂದ್ರೆ ನೀರಾಗಿ ಕಲಸಿದ ಬಣ್ಣ ಒಂದೇ ಸಮ ಬಳಿಯೋದು, ಕೊಡಕ್ಕೆ ಹೋದ್ರೆ ಬ್ರಶ್ಶು ಆ ತುದಿ ಮುಟ್ಟೋ ಅಷ್ಟರಲ್ಲಿ ಈ ತುದಿ ಒಣಗಿರುತ್ತೆ, ಕರಾವಳಿಯಲ್ಲಿ ತೇವ ಜಾಸ್ತಿ, ಕಾಲು ಗಂಟೆ ಆದ್ರೂ ಹಾಳೆ ಹಸಿಯಾಗೇ ಇರುತ್ತೆ, ನಮ್ಮ ಮಕ್ಕಳಿಗೆ ತಡೆಯಲ್ಲ, ಮೇಲೆ ಇನ್ನೊಂದು ಬಣ್ಣ ಇಡ್ತಾವೆ, ಅದು ಹೂಕೋಸಿನ ಥರ ಅರಳಿಕೊಂಡು ಆಕಾಶ ಎಲ್ಲ ಕೆಡುತ್ತೆ. ಕಾಯೋದು ಕಲಿಯಲೇಬೇಕು. ಇನ್ನೊಂದು, ಕುಡಿಯೋ ನೀರು ವೇಸ್ಟ್ ಯಾಕೆ ಅಂತ ಸಮುದ್ರದ ನೀರೇ ಮಗ್ಗಲ್ಲಿ ತರ್ತಾರೆ, ಬೇಡ, ಉಪ್ಪು ಹಾಳೆಲಿ ಉಳಿದು ಗಾಳಿಲಿರೋ ತೇವ ಎಳ್ಕೊಳುತ್ತೆ, ಊರಿಗೆ ಬಂದ ಮೇಲೂ ಚಿತ್ರ ಕೈಗೆ ಅಂಟುತ್ತೆ. ಎರಡು ಬಾಟಲಿ ಸಿಹಿನೀರು ತಗೊಂಡು ಹೋಗಿ, ಒಂದು ಬ್ರಶ್ ತೊಳೆಯಕ್ಕೆ ಒಂದು ಬಣ್ಣಕ್ಕೆ.

ಮನುಷ್ಯರನ್ನ ಬಿಡಿಸೋದೂ ಅಲ್ಲೇ ಕಲೀಬೇಕು. ಕೈರಂಪಣಿ ಎಳೆಯೋದು ನೋಡಿದೀರಾ, ದೋಣೀಲಿ ಬಲೆ ತಗೊಂಡು ಹೋಗಿ ಅರ್ಧಚಂದ್ರದ ಥರ ಬಿಟ್ಟು ಬರ್ತಾರೆ, ಆಮೇಲೆ ದಡದಲ್ಲಿ ಎರಡು ಗುಂಪು ಎರಡು ತುದಿ ಹಿಡಿದು ಹಿಂದಕ್ಕೆ ಬಾಗಿ ಬಾಗಿ ಎಳೀತಾರೆ. ಯಾರೂ ನಮಗೋಸ್ಕರ ನಿಲ್ಲಲ್ಲ. ಕಣ್ಣು ಮೂಗು ಬಿಡಿ, ಬೆನ್ನಿನ ಬಾಗು ಒಂದು ಗೆರೆ, ಹಗ್ಗ ಒಂದು ಗೆರೆ, ಊರಿದ ಕಾಲು ಒಂದು ಗೆರೆ, ಅಷ್ಟು ಸಾಕು ಅಂತೀನಿ. ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರು ಕುಣಿಯೋರನ್ನ ನಾಲ್ಕೈದು ಗೆರೆಲಿ ಹಿಡಿದಿರೋದು ಮಕ್ಕಳಿಗೆ ಮೊದಲೇ ತೋರಿಸಿರ್ತೀನಿ, ಬಲೆ ಎಳೆಯೋರನ್ನ ನೋಡಿದಾಗ ಆ ಗೆರೆ ಎಲ್ಲಿಂದ ಬಂತು ಅಂತ ಅವಕ್ಕೇ ಗೊತ್ತಾಗುತ್ತೆ.

ಈಗ ಮುಖ್ಯವಾದ ಮಾತು. 2024ರ ಡಿಸೆಂಬರಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ನೀರುಪಾಲಾದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ, ಯಾಕಂದ್ರೆ ನನಗೂ ಅಂಥದ್ದೊಂದು ದಿನ ಕೂದಲೆಳೆಯಲ್ಲಿ ತಪ್ಪಿದೆ. ಕುಂದಾಪುರಕ್ಕೆ ಹೋದ ಮೊದಲನೇ ವರ್ಷ, ಬಯಲುಸೀಮೆಯವನು, ಉಬ್ಬರ ಇಳಿತ ಅಂದ್ರೆ ಪುಸ್ತಕದಲ್ಲಿ ಓದಿದ್ದಷ್ಟೇ. ನೀರು ದೂರ ಇದೆ ಅಂತ ಒದ್ದೆ ಮರಳ ಹತ್ರಾನೇ ಮಕ್ಕಳನ್ನ ಕೂರಿಸಿದೆ, ಎಲ್ಲರೂ ತಲೆ ಬಗ್ಗಿಸ್ಕೊಂಡು ಬಿಡಿಸ್ತಿದಾರೆ, ನೀರು ಏರ್ತಾ ಬಂದಿದ್ದು ನಾನೂ ನೋಡಲಿಲ್ಲ, ಒಂದು ದೊಡ್ಡ ಅಲೆ ಬಂದು ಬ್ಯಾಗು, ಡ್ರಾಯಿಂಗ್ ಹಲಗೆ ಎಲ್ಲ ಎಳ್ಕೊಂಡು ಹೋಯ್ತು. ಒಬ್ಬಳು ಹುಡುಗಿ ಹಲಗೆ ಹಿಂದೆ ಓಡಿ ಸೊಂಟದವರೆಗೆ ನೀರಿಗೆ ಇಳಿದುಬಿಟ್ಲು. ಅಲ್ಲೇ ಬಲೆ ಬಿಡಿಸ್ತಾ ಕೂತಿದ್ದ ಮೀನುಗಾರರೊಬ್ಬರು ಹಾರಿ ಹೋಗಿ ರಟ್ಟೆ ಹಿಡಿದು ಎಳೆದು ತಂದ್ರು. "ಹಲ್ಗಿ ಹೋರೆ ಹೋಯ್ಲಿ ಮಾಷ್ಟ್ರೇ, ಮಕ್ಳನ್ನ್ ಕಂಡ್ಕಣಿ" ಅಂದ್ರು, ಹಲಗೆ ಹೋದ್ರೆ ಹೋಗ್ಲಿ ಮಕ್ಕಳನ್ನ ನೋಡ್ಕೊಳ್ಳಿ ಅಂತ, ಬೈಯಲೂ ಇಲ್ಲ. ಆವತ್ತಿಂದ ನಾನು ಮೊದಲು ಅಲ್ಲಿನ ಮೀನುಗಾರರನ್ನ ಕೇಳದೆ ದಡದಲ್ಲಿ ಚಾಪೆ ಹಾಸಿಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಇವತ್ತು ಬಂದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ, ಒಣಗಿದ ಕಸ ಕಡ್ಡಿ ಚಿಪ್ಪು ಸಾಲಾಗಿ ಬಿದ್ದಿರೋ ಗೆರೆ ಇರುತ್ತಲ್ಲ ಅಲ್ಲೀವರೆಗೂ ನೀರು ಬರುತ್ತೆ ಅಂತ ಲೆಕ್ಕ, ಅದಕ್ಕಿಂತ ಸಾಕಷ್ಟು ಮೇಲೆ, ಗಾಳಿಮರದ ನೆರಳಲ್ಲಿ ಕೂರಿಸಬೇಕು. ಇದನ್ನೆಲ್ಲ ಆ ಊರಿನವರೇ ಕಲಿಸಿದ್ದು.

ಮುರುಡೇಶ್ವರದ ದುರಂತ ಆದ ಮೇಲೆ ನನಗೆ ಗೊತ್ತಿರೋ ಒಬ್ಬ ಹೆಡ್‌ಮಾಸ್ಟರು, ಇನ್ಮೇಲೆ ನಮ್ಮ ಬಸ್ಸು ಸಮುದ್ರದ ಕಡೆ ಮುಖಾನೇ ಹಾಕಲ್ಲ ಅಂದ್ರು. ಅವರ ಭಯ ನನಗೆ ಅರ್ಥ ಆಗುತ್ತೆ, ಅದು ಜವಾಬ್ದಾರಿಯ ಭಯ. ಆದ್ರೆ ಯೋಚನೆ ಮಾಡಿ, ನೂರು ಮಕ್ಕಳನ್ನ ಬಸ್ಸಿಂದ ಇಳಿಸಿ ಅರ್ಧ ಗಂಟೆ ಟೈಮ್ ಅಂದ್ರೆ ಎಲ್ಲರೂ ಒಂದೇ ಸಲ ನೀರಿಗೆ ಓಡ್ತಾವೆ, ಮಾಡಕ್ಕೆ ಬೇರೆ ಕೆಲಸ ಇಲ್ಲ, ಟೈಮೂ ಇಲ್ಲ. ಅದೇ ಮಕ್ಕಳನ್ನ ಗುಂಪು ಮಾಡಿ, ಮೇಲೆ ಮರದ ಹತ್ರ ಸಾಲಾಗಿ ಕೂರಿಸಿ, ಕೈಗೆ ಕೆಲಸ ಕೊಟ್ರೆ ಮೇಷ್ಟ್ರು ಎಣಿಸಬಹುದು, ಪ್ರತಿ ಮಗು ಎಲ್ಲಿದೆ ಅಂತ ಕಾಣುತ್ತೆ. ಹಾಳೆ ಪೆನ್ಸಿಲ್ ಇದ್ದ ಮಾತ್ರಕ್ಕೆ ಅಪಾಯ ಇಲ್ಲ ಅಂತ ನಾನು ಹೇಳಲ್ಲ, ನನ್ನ ಕಥೆ ಮೇಲೆ ಬರೆದಿದೀನಲ್ಲ, ಮೇಷ್ಟ್ರ ಕಣ್ಣು ನೀರಿನ ಮೇಲೇ ಇರಬೇಕು, ಅವತ್ತು ಮೇಷ್ಟ್ರು ಚಿತ್ರ ಬಿಡಿಸೋ ಹಾಗಿಲ್ಲ.

ಖರ್ಚು ಅಂತ ಹೆದರಬೇಡಿ. ಎರಡು ಗಂಟೆಗೆ ಬಣ್ಣವೂ ಬೇಕಿಲ್ಲ, ಒಂದು ಕಾರ್ಟ್ರಿಡ್ಜ್ ಶೀಟು, ಅಂದ್ರೆ ದಪ್ಪ ಡ್ರಾಯಿಂಗ್ ಹಾಳೆ, ನಾಲ್ಕು ತುಂಡು ಮಾಡಿ, ಮೆತ್ತಗೆ ಕಪ್ಪಗೆ ಬರೆಯೋ 4ಬಿ ಪೆನ್ಸಿಲ್, ಪರೀಕ್ಷೆಗೆ ತರೋ ಕ್ಲಿಪ್ ಪ್ಯಾಡು ಎಲ್ಲ ಮಕ್ಕಳ ಹತ್ರಾನೂ ಇರುತ್ತೆ. ಸಾಧ್ಯ ಆದ್ರೆ ಬೆಳಗ್ಗೆ ಒಂಬತ್ತರೊಳಗೆ ಕೂರಿಸಿ, ನಮ್ಮ ಪಡುವಣ ಕಡಲಲ್ಲಿ ಬೆಳಗ್ಗೆ ಬಿಸಿಲು ಬೆನ್ನ ಹಿಂದಿಂದ ಬರುತ್ತೆ, ದೋಣಿ ಬಣ್ಣವೆಲ್ಲ ನಿಚ್ಚಳ. ಸಂಜೆ ಸೂರ್ಯ ಎದುರಿಗೇ ಇರ್ತಾನೆ, ದೋಣಿ ಮನುಷ್ಯ ಎಲ್ಲ ಕಪ್ಪು ಆಕಾರ ಆಗ್ತಾವೆ, ಅದೂ ಚೆನ್ನಾಗಿರುತ್ತೆ. ಬಂದರಿಗೆ ಹೋಗೋದಾದ್ರೆ ಮೊದಲೇ ಕೇಳಿ ಒಪ್ಪಿಗೆ ತಗೊಳಿ, ಅಲ್ಲಿ ಜನ ದುಡೀತಿರ್ತಾರೆ, ಮೀನಿನ ಬುಟ್ಟಿ ಹೊತ್ತು ಓಡಾಡೋರಿಗೆ ಅಡ್ಡ ಕೂರಬಾರದು. ಬೇಸಿಗೆ ರಜೆ ಮುಗಿದ ಮೇಲೆ ಆ ಕಡೆ ಹೋಗೋ ಮನೆಯವರಿಗೆ ಒಂದು ಮಾತು, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ಮಲ್ಪೆ ಬಂದರಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಅಲುಗಾಡದೆ ನಿಂತಿರ್ತಾವೆ, ಮಳೆ ಬಿಟ್ಟ ಗಳಿಗೇಲಿ ಒಂದು ಸೂರಿನಡಿ ಕೂತ್ರೆ ಬಿಡಿಸಕ್ಕೆ ಅದರಷ್ಟು ಚೆಂದ ಇನ್ನೊಂದಿಲ್ಲ.

ಶಿಕ್ಷಣ ಇಲಾಖೆಯವರಲ್ಲೂ ಕೇಳ್ಕೊಳ್ತೀನಿ, ಪ್ರವಾಸಕ್ಕೆ ಕೊಡೋ ಸೂಚನೆಗಳಲ್ಲಿ ಸಮುದ್ರಕ್ಕೆ ಹೋಗೋ ಶಾಲೆ ಅಲ್ಲಿ ಕನಿಷ್ಠ ಎರಡು ಗಂಟೆ ಇರಬೇಕು, ಡ್ರಾಯಿಂಗ್ ಮೇಷ್ಟ್ರು ಇರೋ ಶಾಲೆ ಅವರನ್ನ ಜೊತೆಗೆ ಕಳಿಸಬೇಕು ಅಂತ ಎರಡು ಸಾಲು ಸೇರಿಸಿ.

ಹೋಗೋಕೆ ಮುಂಚೆ ಇಲ್ಲೇ ಒಂದು ದಿನ ಅಭ್ಯಾಸ ಬೇಕು, ಇಲ್ಲಾಂದ್ರೆ ಅಲ್ಲಿ ಹೋಗಿ ಮಕ್ಕಳು ಕಕ್ಕಾಬಿಕ್ಕಿ ಆಗ್ತಾವೆ. ಮಂಡ್ಯದವರಿಗೆ ವಿ.ಸಿ. ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ ಏರಿ ಇದೆ, ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಶ್ರೀರಂಗಪಟ್ಟಣದವರಿಗಂತೂ ವೆಲ್ಲೆಸ್ಲಿ ಸೇತುವೆ, 1804ರ ಕಲ್ಲುಕಂಬಗಳು, ಅದರ ನೆರಳು ನೀರಲ್ಲಿ ಹೇಗೆ ಮುರಿದು ಮುರಿದು ಬೀಳುತ್ತೆ ಅಂತ ನೋಡಿ ಬಿಡಿಸಿದ ಮಗು ಸಮುದ್ರದ ಮುಂದೆ ಕೂತಾಗ ಹೆದರಲ್ಲ. ಸುತ್ತಮುತ್ತಲ ಯಾವ ಶಾಲೆಯವರಾದ್ರೂ ಕರೀರಿ, ಭಾನುವಾರ ಆದ್ರೆ ನಾನೇ ಬಂದು ಮಾಡಿಸಿ ಕೊಡ್ತೀನಿ, ದುಡ್ಡು ಏನೂ ಬೇಡ, ಬೆಳಗ್ಗೆ ಏಳಕ್ಕೆ ಮಕ್ಕಳು ನಾಲೆ ಹತ್ರ ಇರಲಿ, ಟೋಪಿ ಮತ್ತೆ ನೀರಿನ ಬಾಟಲಿ ಮರೀಬಾರದು.

ಇತಿ,
ಒಬ್ಬ ಡ್ರಾಯಿಂಗ್ ಮೇಷ್ಟ್ರು, ಮಂಡ್ಯ